ಬೆಂಕಿಯ ಪಾಲಿಸಿ, ನೀರಿನ ಪ್ರತಾಪ

ಈ ಸಂಗತಿ ಹೇಳುವುದನ್ನು ಹಬ್ಬದಿಂದ ಹಬ್ಬಕ್ಕೆ ಮುಂದೂಡುತ್ತಲೇ ಬಂದೆ. ಇನ್ನು ಮುಂದೂಡಲು ವಯಸ್ಸು ಬಿಡುವುದಿಲ್ಲ.

ಗೌರಿ ಹಬ್ಬ ಹತ್ತಿರ ಬಂದಿತ್ತು. ಸಿಂಗಪುರದ ಕಲ್ಲಾಂಗಿನ ನಮ್ಮ ಫ್ಲಾಟನ್ನು ತೊಳೆಯಲು ಹೊರಟೆ. ಒರೆಸುವುದಲ್ಲ, ತೊಳೆಯುವುದು! ಹಾಸನದಲ್ಲಿ ಅಮ್ಮ ಮಾಡುತ್ತಿದ್ದ ಹಾಗೆ, ಬಕೆಟ್‌ಗಟ್ಟಲೆ ನೀರು ಸುರಿದು.

"ರೀ, ಹಾಲ್‌ನಲ್ಲಿ ನೀರು ಹೋಗೋಕೆ ಒಂದು ತೂತೂ ಇಲ್ಲ" ಎಂದಳು ಹೆಂಡತಿ ಸರೋಜ.

"ನೀರಿಗೆ ದಾರಿ ಹೇಳಿಕೊಡ್ಬೇಕಾ?" ಎಂದೆ.

ಹೇಳಿಕೊಡಬೇಕಾಗಲಿಲ್ಲ. ನೆಟ್ಟಗೆ ಕೆಳಗಿನ ಮನೆಗೇ ಹೋಯಿತು!

ಕೆಳಗಿನ ಮನೆಯ ಮೈಸೂರಿನ ಹುಡುಗಿ ಹಸುಗೂಸನ್ನು ಎತ್ತಿಕೊಂಡು ಓಡಿಬಂದಳು. "ಅಂಕಲ್, ಸೀಲಿಂಗ್ ಉಬ್ಬಿಕೊಂಡಿದೆ! ನಾಳೆ ಮಗು ನಾಮಕರಣ. ತೊಟ್ಟಿಲು ಅದರ ಕೆಳಗೇ ಇದೆ. ಪಕ್ಕಕ್ಕೆ ಎಳೆದುಬಿಡ್ಲಾ?"

"ಏನನ್ನೂ ಮುಟ್ಟಬೇಡಮ್ಮ! ನನಗೆ ಇನ್ಶೂರೆನ್ಸ್ ಇದೆ. ಎಲ್ಲಾ ಕವರ್ ಆಗುತ್ತೆ. ಹೇಗಿದೆಯೋ ಹಾಗೇ ಇರ್ಬೇಕು, ಅವರು ಕಣ್ಣಾರೆ ನೋಡ್ಬೇಕು."

ಹಿರಿಯರ ಮಾತು. ಪಾಪ, ಕೇಳಿದಳು.

ಸರೋಜಳೊಡನೆ ಹುಡುಗಿಯ ಮನೆಗಿಳಿದು, ಅಲ್ಲೇ ನಿಂತು ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿದೆ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ. ನೆತ್ತಿಯ ಮೇಲೆ ಸೀಲಿಂಗು ಗರ್ಭಿಣಿಯಂತೆ ಉಬ್ಬಿ, ತೊಟ್ಟಿಕ್ಕುತ್ತಿತ್ತು. ಅವಳು ಮಗುವನ್ನು ಎದೆಗವಚಿಕೊಂಡು, ಹೊದಿಕೆ ತೆಗೆಯಲು ತೊಟ್ಟಿಲ ಕಡೆ ಬಾಗಿದಳು.

"ಅಂಕಲ್, ನಿಮ್ಮದು ಫೈರ್ ಇನ್ಶೂರೆನ್ಸ್ ಲಾ!" ಎಂದಿತು ಫೋನು, ಸಿಂಗಪುರದ 'ಲಾ' ಸೇರಿಸಿ. "ಫೈರ್ ಎಲ್ಲಿ?"

ಬೆಂಕಿ ಬಿದ್ದರೆ ನನ್ನ ಮನೆಯ ಗೋಡೆ, ನೆಲಕ್ಕೆ ಮಾತ್ರ ಪರಿಹಾರವಂತೆ. ನಾನೇ ಸುರಿದ ನೀರಿಗೂ ಕೆಳಗಿನವರ ಸೀಲಿಂಗಿಗೂ ಅದರಲ್ಲಿ ಒಂದಕ್ಷರವೂ ಇಲ್ಲ. ಅದಕ್ಕೆ ಬೇರೆ ಪಾಲಿಸಿ. ಸರೋಜ ಮಾಡಿಸೋಣ ಎಂದಿದ್ದಳು; ದಂಡ ಎಂದವನು ನಾನೇ!

"ಕವರ್ ಆಗಲ್ವಾ ಅಂಕಲ್?" ಎನ್ನುತ್ತಾ ಹುಡುಗಿ ನೆಟ್ಟಗಾಗಿ ನನ್ನತ್ತ ಒಂದು ಹೆಜ್ಜೆ ಇಟ್ಟಳು.

ಧಡ್!

ಗಾರೆಯ ಹೆಂಟೆ ತೊಟ್ಟಿಲನ್ನು ಎರಡು ಹೋಳು ಮಾಡಿತು. ಮಗು ಅವಳ ತೋಳಿನಲ್ಲಿ ಕಿರುಚಿತು. ನನ್ನ ಪಾಲಿಸಿ ಕಾಪಾಡಿದ್ದು ಇಷ್ಟೇ: ಅದು 'ಇಲ್ಲ' ಎಂದಿದ್ದಕ್ಕೆ ಅವಳು ಆ ಹೆಜ್ಜೆ ಇಟ್ಟಳು.

"ಬೆಂಕಿಗೆ ಪಾಲಿಸಿ ಮಾಡ್ಸಿ ನೀರು ಹುಯ್ದ್ರಲ್ಲಾ!" ಎಂದಳು ಸರೋಜ.

ಆಗ ಕಾಲಿಗೆ ಬೀಳಬೇಕಿತ್ತು. ನಾನು ಅಂದದ್ದು, "ಹಳೇ ಬಿಲ್ಡಿಂಗು, ಗಾರೆ ಮೊದಲೇ ಸಡಿಲ ಇತ್ತು ಅನ್ಸುತ್ತೆ."

ಮರುದಿನ ನಾಮಕರಣ ನಮ್ಮ ಮನೆಯಲ್ಲೇ ನಡೆಯಿತು, ಎರವಲು ತೊಟ್ಟಿಲಲ್ಲಿ. "ಅಂಕಲ್, ಮನೆ ಎಷ್ಟು ಕ್ಲೀನಾಗಿದೆ!" ಎಂದರು ಬಂದವರು. ಮಹಾ ಉದಾರಿಯಂತೆ ಕೈಮುಗಿದೆ. ಆ ಹುಡುಗಿ ನನ್ನ ಕಾಲಿಗೆ ನಮಸ್ಕರಿಸಿದಳು. ನಾಚಿಕೆಯಿಲ್ಲದೆ ಆಶೀರ್ವದಿಸಿದೆ!

ಈಗ ಅವಳು ಲಿಫ್ಟಿನಲ್ಲಿ ಸಿಕ್ಕರೆ, ಅಕ್ಷರಾಭ್ಯಾಸದ ಮಗುವಿನಂತೆ ಮಹಡಿಯ ಅಂಕಿಗಳನ್ನೇ ಓದುತ್ತಾ ನಿಲ್ಲುತ್ತೇನೆ. ತಪ್ಪಾಯಿತು ಎನ್ನಲು ಮೊದಲು ಅವಳನ್ನು ಹೆಸರು ಹಿಡಿದು ಕರೆಯಬೇಕು. ಅದೇ ಬಾಯಿಗೆ ಬರುವುದಿಲ್ಲ. ಇಲ್ಲಾದರೂ ಕರೆಯುತ್ತೇನೆ:

ರೂಪಾ.