ಊರೆಲ್ಲ ಹೊದ್ದ ನನ್ನ ಶಾಲು

ಹೆಣಿಗೆ ಕಡ್ಡಿ ಹಿಡಿದು ಕೂತ ಹೆಂಗಸನ್ನು ಕಂಡರೆ ಜನಕ್ಕೆ ಮೊದಲು ಅನ್ನಿಸುವುದು, ಇವಳಿಗೆ ಮಾಡೋಕೆ ಕೆಲಸವಿಲ್ಲ ಅಂತ. ಆಮೇಲೆ ಅನ್ನಿಸುವುದು, ಹಾಗಾದರೆ ನಮ್ಮದೊಂದು ಕೆಲಸ ಕೊಡೋಣ ಅಂತ. ಈ ಎರಡರ ನಡುವೆ ಸಿಕ್ಕಿಕೊಂಡವಳು ನಾನು. ಹಾಗಾಗಿ ನಮ್ಮ ಮನೆಯಲ್ಲಿ ನೀರಿಗೆ ಬರ ಬಂದಿದೆ, ಗ್ಯಾಸಿಗೆ ಬರ ಬಂದಿದೆ, ಇಂಥ ಪ್ರಸಂಗಗಳಿಗೆ ಮಾತ್ರ ಎಂದೂ ಬರ ಬಂದದ್ದಿಲ್ಲ.

ಮೈಸೂರಿನ ಚಳಿಯೇನು ಮಹಾ ಚಳಿಯಲ್ಲ. ಎಳ್ಳು ಬೀರಿ ಮುಗಿಯುವ ಹೊತ್ತಿಗೆ ಅದೂ ಮುಗಿದಿರುತ್ತದೆ. ಅಷ್ಟು ಚಳಿಗೆ ನಾನು ಇಷ್ಟೆಲ್ಲ ಹೆಣೆದದ್ದು ಯಾಕೆ ಅಂದರೆ, ಮದುವೆಯಾಗಿ ಬಂದ ಮನೆಯಲ್ಲಿ ಮಾತಾಡಿದರೆ ಬಾಯಿಬಡುಕಿ, ಸುಮ್ಮನೆ ಕೂತರೆ ಸೋಮಾರಿ. ಕೈಯಲ್ಲಿ ಕಡ್ಡಿ ಇದ್ದರೆ ಮಾತೂ ಆಡಬೇಕಿಲ್ಲ, ಸುಮ್ಮನೆ ಕೂತ ಹಾಗೂ ಕಾಣುವುದಿಲ್ಲ. ಇವರಿಗೆ, ಮಗಳಿಗೆ, ನಾದಿನಿಗೆ, ನಾದಿನಿಯ ಗಂಡನಿಗೆ, ಕೊನೆಗೆ ಮನೆಯ ಟೆಲಿಫೋನಿಗೂ ಹೆಣೆದೆ. ನಾನೇ ಹೆಣೆದದ್ದು ಒಂದಾದರೂ ನನ್ನ ಮೈಮೇಲಿರಲಿ ಅನ್ನುವುದೊಂದೇ ನನ್ನ ಆಸೆ. ಅದೊಂದು ಬಿಟ್ಟು ಬೇರೆಲ್ಲ ಆಯಿತು.

ಕಿವಿ ಇದ್ದ ಮಿಕ್ಸಿ

ತೊಂಬತ್ತರ ದಶಕದ ಶುರುವಿನ ಮಾತು. ನಾದಿನಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ನಾನು ಸಡಗರದಿಂದ ಹಳದಿ ಉಲ್ಲನ್ ತಂದು ಕೂಸಿಗೊಂದು ಕುಲಾವಿ ಶುರು ಮಾಡಿದೆ. ಅತ್ತೆ ಹೌಹಾರಿಬಿಟ್ಟರು.

"ಮಗು ಹುಟ್ಟೋಕ್ ಮುಂಚೆ ಬಟ್ಟೆ ಮಾಡಿಕ್ಕತಾರೇನಮ್ಮ? ಕೆಟ್ಟದ್ದು ಕಣಮ್ಮ! ಎತ್ತಿಡು ಮೊದ್ಲು."

ಎತ್ತಿಟ್ಟೆ. ಆದರೆ ಮಗು ಹುಟ್ಟಿದ ಮೇಲೆ ಬಾಣಂತಿಗೆ ನೀರು ಕಾಯಿಸುವವಳು, ಖಾರ ಅರೆಯುವವಳು, ನೋಡಲು ಬಂದವರಿಗೆಲ್ಲ ಕಾಫಿ ಕೊಡುವವಳು ನಾನೇ ತಾನೆ? ಆಗ ಹೆಣೆಯಲು ನನಗೆ ಬಿಡುವೆಲ್ಲಿ? ನಾಲ್ಕು ದಿನ ಬಿಟ್ಟು ಮತ್ತೆ ಮೆಲ್ಲಗೆ ಹೊರಗೆ ತೆಗೆದೆ.

"ಮತ್ತೇನಮ್ಮ ಅದು?"

"ಮಿಕ್ಸಿ ಜಾರಿಗೆ ಕವರ್ ಅತ್ತೆ. ಧೂಳು ಕೂರುತ್ತಲ್ಲ."

ಮಿಕ್ಸಿ ಮನೆಗೆ ಹೊಸದು. ಅತ್ತೆಗೆ ಅದರ ಮೇಲೆ ಮಗಳಿಗಿಂತ ಒಂದು ಕೈ ಹೆಚ್ಚೇ ಅಕ್ಕರೆ. ಹತ್ತಿರ ಬಂದು ಕೂತು ನೋಡಿದರು. "ಎರಡು ಕಡೆ ಕಿವಿ ಯಾಕಿಟ್ಟಿದ್ದೀಯೆ?" ಅಂದರು. ಹಿಡಿಕೆ ಮುಚ್ಚುವುದಕ್ಕೆ ಅಂದೆ. "ದಾರ ಯಾಕೆ?" ಅಂದರು. ಬೀಳದ ಹಾಗೆ ಕಟ್ಟುವುದಕ್ಕೆ ಅಂದೆ. ಬಹಳ ಮೆಚ್ಚಿದರು. ಕೊನೆಯ ಗಂಟು ಹಾಕುವುದನ್ನೇ ಕಾದಿದ್ದು, ತಾವೇ ಕೈಯಾರೆ ತೆಗೆದುಕೊಂಡು ಹೋಗಿ ಜಾರಿಗೆ ತೊಡಿಸಿ ದಾರ ಕಟ್ಟಿದರು.

ನಾಮಕರಣದ ದಿನ ಮನೆತುಂಬ ನೆಂಟರು. ಎಲ್ಲರೆದುರಿಗೆ ಅತ್ತೆ ಶುರು ಮಾಡಿದರು. "ಊರಿಗೆಲ್ಲ ಹೆಣೀತಾಳೆ. ಮನೆ ಮಗೀಗೆ ಒಂದು ಕುಲಾವಿ ಹಾಕಿಕೊಡೋಕೆ ಇವಳಿಗೆ ಕೈ ಬರ್ಲಿಲ್ಲ ನೋಡ್ರಮ್ಮ!"

ನನಗೂ ರೋಷ ಬಂತು. ಅಡಿಗೆಮನೆಗೆ ಹೋಗಿ ಜಾರಿನ ತಲೆಯಿಂದ ಅದನ್ನು ಬಿಚ್ಚಿ ತಂದು ಮಗುವಿನ ಮುಂದೆ ಹಿಡಿದೆ. ಅತ್ತೆ ಕಿತ್ತುಕೊಂಡರು. "ಮಿಕ್ಸೀದ್ ತಂದು ಮಗೀಗ್ ಹಾಕ್ತೀಯಾ? ಮೆಣಸಿನಕಾಯಿ ಘಾಟು ಹೊಡೀತದೆ, ಕಣ್ಣು ಕಾಣಲ್ವಾ ನಿಂಗೆ?"

ಮಗುವಿಗೆ ಅಂಗಡಿಯಿಂದ ಕುಲಾವಿ ಬಂತು. ಅದಕ್ಕೆ ತಿಂಗಳಿಗೊಂದು ಸಲ ನೆಗಡಿ. ನಮ್ಮ ಮಿಕ್ಸಿಗೆ ಮಾತ್ರ ಇದ್ದಷ್ಟು ಕಾಲ ಒಂದು ದಿನವೂ ನೆಗಡಿ ಆಗಲಿಲ್ಲ.

ಮುಚ್ಚಿಹೋದ ಅಂಗಡಿ

ನಮ್ಮವರಿಗೆ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಬೆಳಗಿನ ಪಾಳಿ ಇದ್ದಾಗ ಸ್ಕೂಟರಿನಲ್ಲಿ ಹೋಗಲು ಎದೆಗೆ ಗಾಳಿ ಹೊಡೆಯುತ್ತದೆ ಅಂತ ಒಂದು ಬೂದುಬಣ್ಣದ ಸ್ವೆಟರ್ ಹೆಣೆದುಕೊಟ್ಟೆ. ಮುಂದುಗಡೆ ಜಡೆ ಹೆಣೆದ ಹಾಗೆ ವಿನ್ಯಾಸ. ಹೊಲಿದು ಮುಗಿಸುವ ಹೊತ್ತಿಗೆ ನನ್ನ ಕತ್ತು ಹಿಡಿದುಹೋಗಿತ್ತು. ಹಾಕಿಕೊಂಡು ಕನ್ನಡಿ ನೋಡಿ "ಪರವಾಗಿಲ್ಲ" ಅಂದರು. ನಮ್ಮವರ ಬಾಯಲ್ಲಿ ಅದೇ ದೊಡ್ಡ ಬಿರುದು. ನಾನು ಹಿಗ್ಗಿದ್ದೆ.

ಒಂದು ಭಾನುವಾರ ಅವರ ಜೊತೆ ಕೆಲಸ ಮಾಡುವವರೊಬ್ಬರು ಬೆವರು ಒರೆಸಿಕೊಳ್ಳುತ್ತ ಮನೆಗೆ ಬಂದರು. ನಾನು ಮೂಲೆಯ ಕುರ್ಚಿಯಲ್ಲಿ ಮಗಳದೊಂದು ಸ್ವೆಟರಿನ ತೋಳು ಹೆಣೆಯುತ್ತಿದ್ದೆ.

"ಏನ್ರೀ, ನೀವು ಹೇಳಿದ ಅಂಗಡಿ ಸಿಗ್ಲೇ ಇಲ್ಲ ಕಣ್ರೀ! ಮಂಡಿ ಮೊಹಲ್ಲಾ ಪೂರ್ತಿ ಸುತ್ತುಬುಟ್ಟೆ. ನಮ್ಮನೆಯವಳಿಗೆ ನಿಮ್ಮ ಸ್ವೆಟರ್ ಬಾಳ ಇಷ್ಟ ಆಗ್ಬುಟ್ಟಿದೆ, ಅಂಥದ್ದೇ ಬೇಕಂತೆ."

ನಾನು ಕಡ್ಡಿ ನಿಲ್ಲಿಸಿ ಇವರ ಮುಖ ನೋಡಿದೆ. ಮನೆಯಲ್ಲಿ ಹೆಂಡತಿ ಹೆಣೆದದ್ದನ್ನು ಹಾಕಿಕೊಂಡರೆ ಕೈಯಲ್ಲಿ ಕಾಸಿಲ್ಲ ಅಂದುಕೊಳ್ಳುತ್ತಾರೆ ಅಂತ ಕಾರ್ಖಾನೆಯಲ್ಲೆಲ್ಲ ಅಂಗಡಿಯದು ಅಂದಿದ್ದಾರೆ! ಈಗಲಾದರೂ ನಿಜ ಹೇಳಿಯಾರು, ಇವಳೇ ಹೆಣೆದದ್ದು ಅಂತ ಬಾಯಿಬಿಟ್ಟಾರು ಅಂತ ಕಾದೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಅಯ್ಯೋ, ಆ ಅಂಗಡಿ ಮುಚ್ಚೋಯ್ತಲ್ರೀ," ಅಂದರು.

"ಛೆ! ಒಳ್ಳೇ ಅಂಗಡಿ ಕಣ್ರೀ. ಯಾಕಂತೆ?"

"ನಡೆಸೋಕೆ ಬರ್ಲಿಲ್ಲ, ಪಾಪ."

ಮುಚ್ಚಿಹೋದ ಅಂಗಡಿ ಕುರ್ಚಿಯಿಂದ ಎದ್ದು ಒಳಗೆ ಹೋಗಿ ಇಬ್ಬರಿಗೂ ಕಾಫಿ ಮಾಡಿಕೊಂಡು ಬಂತು.

ಬದನೆಕಾಯಿ ಬಣ್ಣ

ಆವತ್ತೇ ತೀರ್ಮಾನ ಮಾಡಿದೆ. ಇನ್ನು ಯಾರಿಗೂ ಬೇಡ, ನನಗೆ ಹೆಣೆದುಕೊಳ್ಳುತ್ತೇನೆ, ಅದೂ ದೊಡ್ಡದೊಂದು ಶಾಲು. ಮಂಡಿ ಮೊಹಲ್ಲಾದ ಉಲ್ಲನ್ ಅಂಗಡಿಯಲ್ಲಿ ಬದನೆಕಾಯಿ ಬಣ್ಣದ ದಾರ ತಂದೆ. ನಲ್ಲಿಯಲ್ಲಿ ನೀರು ಬರುವುದನ್ನು ಕಾಯುತ್ತ ಹೆಣೆದೆ, ಮಗಳ ಶಾಲೆಯ ಗೇಟಿನಲ್ಲಿ ನಿಂತು ಹೆಣೆದೆ, ಬೇಳೆ ಬೇಯುವಷ್ಟರಲ್ಲಿ ಒಂದೆರಡು ಸಾಲು ಹೆಣೆದೆ. ಎಲ್ಲ ಆಗಿ ಕೊನೆಯ ಮೂಲೆ ಉಳಿದಾಗ ದಾರ ಮುಗಿದುಹೋಯಿತು. ಮತ್ತೆ ಅದೇ ಅಂಗಡಿಗೆ ಹೋದೆ. ಅಂಗಡಿಯ ಸಾಹೇಬರು ತೆಗೆದುಕೊಟ್ಟ ದಾರ ಒಂದು ಚೂರು ತೆಳುಬಣ್ಣ.

"ಇದು ಬೇರೆ ಬಣ್ಣ ಅಲ್ವಾ?" ಅಂದೆ.

"ಅದು ಹೋದ ವರ್ಷದ ಬದನೆಕಾಯಮ್ಮ, ಇದು ಈ ವರ್ಷದ್ದು. ಎಲ್ಲಾ ಬದನೆಕಾಯೀನೂ ಒಂದೇ ಥರ ಇರ್ತದಾ?"

ಅದನ್ನೇ ಹಾಕಿ ಮುಗಿಸಿದೆ. ಅಂಗೈಯಗಲದ ಆ ಮೂಲೆ ತೆಳುವಾಗಿ ಕಾಣುತ್ತಿತ್ತು. ಕಾಣಲಿ ಬಿಡು, ಹೊದೆಯುವವಳು ನಾನು ತಾನೆ ಅಂದುಕೊಂಡೆ. ಚಳಿ ಬೀಳಲಿ ಅಂತ ಒಗೆದು ಮಡಿಸಿ ಬೀರುವಿನಲ್ಲಿಟ್ಟೆ.

ನವೆಂಬರಿನಲ್ಲಿ ಇವರ ಕಾರ್ಖಾನೆಯಲ್ಲಿ ರಾಜ್ಯೋತ್ಸವ. ಅತಿಥಿಗಳಾಗಿ ಒಬ್ಬ ವಯಸ್ಸಾದ ವಿದ್ವಾಂಸರು. ಹಾರ, ಹಣ್ಣಿನ ಬುಟ್ಟಿ, ಶಾಲು ತರುವ ಜವಾಬ್ದಾರಿ ನಮ್ಮವರದು. ಹಾರ ತಂದರು, ಬುಟ್ಟಿ ತಂದರು, ಶಾಲು ಮರೆತರು. ಅಂಗಡಿಗಳೆಲ್ಲ ರಜೆ. ಸ್ಕೂಟರಿನಲ್ಲಿ ಧಾವಿಸಿ ಬಂದವರೇ ಬೀರು ತೆಗೆದರು.

"ರೀ, ಅದು ನಂದು! ಇನ್ನೂ ಒಂದು ಸಲಾನೂ ಹೊದ್ದಿಲ್ಲ!"

"ಅದಕ್ಕೇ ಕಣೇ, ಹೊಸದು ಅಂತಾನೇ ತಗೊಂಡಿದ್ದು. ಸಂಜೆ ತಂದ್ಕೊಡ್ತೀನಿ, ಬುಡು."

ಸಂಜೆ ಬರಿಗೈಯಲ್ಲಿ ಬಂದರು. ನನ್ನ ಶಾಲು ಎಲ್ಲಿ ಅಂದೆ. ಸಾಕ್ಷಾತ್ ಧರ್ಮರಾಯನ ಹಾಗೆ ನನ್ನನ್ನು ನೋಡಿದರು.

"ಸನ್ಮಾನ ಮಾಡಿದ ಶಾಲು ವಾಪಸ್ ಕೇಳೋಕಾಗುತ್ತೇನೇ? ಮಾನ ಮರ್ಯಾದೆ ಬೇಡ್ವಾ?"

ನನಗೆ ಅಳುವೇ ಬಂತು. ಮುಖ ತಿರುಗಿಸಿಕೊಂಡು ಪಾತ್ರೆ ಉಜ್ಜಲು ಕೂತೆ. ಮಗಳು ಬಂದು, "ಅಮ್ಮ, ಆ ತಾತ ಒಳ್ಳೇವರಂತೆ, ಜೋಪಾನವಾಗಿ ಇಟ್ಕೋತಾರೆ ಬಿಡಮ್ಮ" ಅಂತ ಸಮಾಧಾನ ಮಾಡಿದಳು. ಕೂಸಿಗೇನು ಗೊತ್ತು? ಆ ತಾತನ ಮನೆಯಲ್ಲಿ ಶಾಲು ಇಡಲು ಜಾಗವಿಲ್ಲದೆ, ಬಂದವರಿಗೆಲ್ಲ ಒಂದೊಂದು ಹೊದಿಸಿ ಕಳಿಸುತ್ತಿದ್ದರಂತೆ.

ಆಶೀರ್ವಾದ

ಸನ್ಮಾನದ ಶಾಲು ಒಂದು ಕಡೆ ನಿಲ್ಲುವುದಿಲ್ಲ. ಇವರು ಅವರಿಗೆ ಹೊದಿಸುತ್ತಾರೆ, ಅವರು ಮಡಿಕೆ ಕೆಡದ ಹಾಗೆ ಇಟ್ಟು ಇನ್ನೊಬ್ಬರಿಗೆ ಹೊದಿಸುತ್ತಾರೆ. ಒಂದೆರಡು ವರ್ಷ ಕಳೆದ ಮೇಲೆ ನಮ್ಮ ಬೀದಿಯ ಗಣಪತಿ ಪೆಂಡಾಲಿನಲ್ಲಿ ಹರಿಕಥೆ. ದಾಸರು ತಾಳ ಹಿಡಿದು ನಿಂತರು. ಅವರ ಹೆಗಲ ಮೇಲೆ ಬದನೆಕಾಯಿ ಬಣ್ಣ!

ಕಥೆ ಎಲ್ಲಿ ಕೇಳಲಿ? ಮೂಲೆ ನೋಡಬೇಕು, ಮೂಲೆ. ಅದು ಅವರ ಮೊಣಕಾಲಿನ ಹತ್ತಿರ ಜೋತಾಡುತ್ತಿತ್ತು. ಮಂಗಳಾರತಿ ಆಗುತ್ತಿದ್ದ ಹಾಗೆ ಜನರನ್ನು ತಳ್ಳಿಕೊಂಡು ವೇದಿಕೆ ಹತ್ತಿ, ಬಗ್ಗಿ ಆ ಮೂಲೆಯನ್ನು ಎರಡು ಕೈಯಲ್ಲಿ ಹಿಡಿದೆ. ತೆಳುಬಣ್ಣ! ಇದು ನನ್ನದು ಸ್ವಾಮಿ ಅನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ದಾಸರು ನಾನು ಕಾಲಿಗೆ ಬಿದ್ದೆ ಅಂದುಕೊಂಡು ನನ್ನ ತಲೆಯ ಮೇಲೆ ಕೈಯಿಟ್ಟು, ಮೈಕಿನಲ್ಲಿ ಇಡೀ ಬೀದಿಗೆ ಕೇಳುವ ಹಾಗೆ "ದೀರ್ಘ ಸುಮಂಗಲೀ ಭವ" ಅಂದುಬಿಟ್ಟರು.

ಹೋದದ್ದು ನನ್ನ ಶಾಲು, ಹೆಚ್ಚಾದದ್ದು ಅದನ್ನು ಎತ್ತಿಕೊಟ್ಟ ನಮ್ಮವರ ಆಯಸ್ಸು.

ಕೆಲಸ ಅಂದ್ರೆ ಇದು

ಎರಡು ಸಾವಿರ ಇಸವಿ ದಾಟಿದ ಮೇಲೆ ಇವರು ಸ್ವಯಂ ನಿವೃತ್ತಿ ತೆಗೆದುಕೊಂಡರು. ಬೀಳ್ಕೊಡುಗೆಯ ದಿನ ಹಾರ ಹಾಕಿಕೊಂಡೇ ಆಟೋ ಇಳಿದರು. ಹೆಗಲ ಮೇಲೆ ಶಾಲು. ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ನಾನು ಮೊದಲು ನೋಡಿದ್ದು ಅದರ ಮೂಲೆ. ಅದೇ ತೆಳುಬಣ್ಣ! ಯಾವ ಯಾವ ಹೆಗಲು ಸುತ್ತಿತ್ತೋ, ಯಾರ ಬೀರುವಿನಿಂದ ಹೊರಟಿತ್ತೋ, ನನ್ನ ಶಾಲು ನನ್ನ ಮನೆಗೇ ಬಂದಿತ್ತು.

ನಾನು ಬಾಯಿಬಿಡುವ ಮೊದಲೇ ಇವರು ಅದನ್ನು ಬಿಡಿಸಿ ಹಿಡಿದರು. "ನೋಡೇ, ಕೆಲಸ ಅಂದ್ರೆ ಇದು! ಎಷ್ಟು ಸಮ ಬಂದಿದೆ. ನೀನೂ ಹೆಣೀತೀಯ ಇಷ್ಟು ವರ್ಷದಿಂದ. ಇಂಥದ್ದೊಂದು ಬರುತ್ತಾ ನಿನಗೆ?"

"ರೀ, ಇದು ನಾನೇ ಹೆಣೆದದ್ದು. ರಾಜ್ಯೋತ್ಸವಕ್ಕೆ ತಗೊಂಡು ಹೋಗಿದ್ರಲ್ಲ, ಅದೇ. ಈ ಮೂಲೆ ನೋಡಿ, ದಾರ ಸಾಲದೆ ಬೇರೆ ಹಾಕಿದ್ದೆ."

ಮೂಲೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಅದು ಡಿಸೈನು ಕಣೇ. ನಿನಗೆಲ್ಲಿ ಗೊತ್ತಾಗ್ಬೇಕು."

ಮಗಳು ಆಗ ಕಾಲೇಜು. "ಅಪ್ಪ, ಅಮ್ಮಂದೇ ಅದು" ಅಂದಳು. ಅಮ್ಮನದು ಇಷ್ಟು ದೊಡ್ಡದಿರಲಿಲ್ಲ ಅಂದರು. ಅತ್ತೆಯನ್ನು ಕೇಳಿದೆ. ಅವರು, "ಯಾರ್ದಾದ್ರೇನಮ್ಮ, ಮಿಕ್ಸಿಗೆ ಹಾಕಿದ್ದೆಯಲ್ಲ, ಅದರಷ್ಟು ಚೆನ್ನಾಗಿಲ್ಲ" ಅಂದರು. ನನ್ನ ಜನ್ಮದಲ್ಲಿ ಅತ್ತೆ ನನ್ನ ಕೈಕೆಲಸವನ್ನು ಬಾಯಿಬಿಟ್ಟು ಹೊಗಳಿದ್ದು ಅದೊಂದೇ ಸಲ.

ಶಾಲು ಪ್ಲಾಸ್ಟಿಕ್ ಕವರಿನಲ್ಲಿ ಕೂತು ಶೋಕೇಸ್ ಸೇರಿತು. ಅದರ ಬೀಗದ ಕೈಯನ್ನು ಇವರು ಜನಿವಾರಕ್ಕೆ ಕಟ್ಟಿಕೊಳ್ಳಲಿಲ್ಲ, ಅಷ್ಟೇ.

ಎರಡು ಮಾತು

ಇವರು ಮನೆಯಲ್ಲಿ ಕೂತ ಮೇಲೆ ನಾನು ಮಧ್ಯಾಹ್ನದ ಹೊತ್ತು ಬೀದಿಯ ಹೆಣ್ಣುಮಕ್ಕಳಿಗೆ ಹೆಣಿಗೆ ಹೇಳಿಕೊಡತೊಡಗಿದೆ. ಇಡೀ ದಿನ ಒಬ್ಬರನ್ನೊಬ್ಬರು ನೋಡಿಕೊಂಡು ಕೂರುವುದಕ್ಕಿಂತ ಅದೇ ಮೇಲು. ಮಾರ್ಚಿನಲ್ಲಿ ಮಹಿಳಾ ದಿನ ಬಂತು. ಬೀದಿಯ ಹೆಂಗಸರೆಲ್ಲ ಸೇರಿ ಶಾಲೆಯ ಹಾಲಿನಲ್ಲಿ ನನಗೊಂದು ಸನ್ಮಾನ ಅಂದರು. ಅತಿಥಿ ಯಾರು? ಬಿಡುವಾಗಿರುವ ಗಂಡಸು ಬೀದಿಗೆ ಒಬ್ಬರೇ, ನಮ್ಮವರು.

ನನ್ನ ಹತ್ತಿರ ಕಲಿಯುವ ಹುಡುಗಿಯರು ತಂದಿದ್ದ ಶಾಲು ತೀರಾ ತೆಳ್ಳಗಿತ್ತಂತೆ. ಇವರಿಗೆ ಅತಿಥಿಯ ಘನತೆ ನೆನಪಾಯಿತು. "ಇದೇನು ಮೈ ಒರೆಸೋ ಬೈರಾಸ ಹೊದಿಸ್ಲಾ? ಇರಿ, ನಮ್ಮನೇಲೊಂದು ಭರ್ಜರಿ ಶಾಲಿದೆ," ಅಂತ ಹೋಗಿ ಶೋಕೇಸ್ ತೆಗೆದು ತಂದರು.

ಹೀಗೆ, ನಾನು ಹೆಣೆದ ಶಾಲು ಅಷ್ಟು ವರ್ಷದ ಮೇಲೆ ಮೊದಲ ಸಲ ನನ್ನ ಹೆಗಲಿಗೆ ಬಿತ್ತು. ಜನ ಚಪ್ಪಾಳೆ ಹೊಡೆದರು. ನನ್ನ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ. ಎಲ್ಲರೂ ಅದನ್ನು ಸನ್ಮಾನದ ಸಂತೋಷ ಅಂದುಕೊಂಡರು. ಫೋಟೋದವನು ಕ್ಯಾಮೆರಾ ಎತ್ತಿದ. ಇವರು ಹಲ್ಲು ಕಾಣುವ ಹಾಗೆ ನಗುತ್ತ, ತುಟಿ ಅಲ್ಲಾಡಿಸದೆ ನನ್ನ ಕಿವಿಯಲ್ಲಿ ಅಂದರು:

"ಫೋಟೋ ಆದ ತಕ್ಷಣ ಕೊಟ್ಬುಡು. ಬೆವರು ತಾಗಿಸ್ಬೇಡ."

ಅಷ್ಟರಲ್ಲಿ ಒಬ್ಬಳು ಹುಡುಗಿ ಮೈಕ್ ತಂದು, "ಆಂಟಿ, ಎರಡು ಮಾತು" ಅಂದಳು. ನನಗೆ ಭಾಷಣ ಬರುವುದಿಲ್ಲ. ಆದರೆ ಎರಡೇ ಎರಡು ಮಾತು ಎದೆಯಲ್ಲಿ ಎಷ್ಟೋ ವರ್ಷದಿಂದ ಕೂತಿದ್ದವು. ಅವರ ಕಡೆ ತಿರುಗಿ ಮೈಕಿನಲ್ಲೇ ಹೇಳಿದೆ:

"ಸನ್ಮಾನ ಮಾಡಿದ ಶಾಲು ವಾಪಸ್ ಕೇಳೋಕಾಗುತ್ತೇನ್ರೀ? ಮಾನ ಮರ್ಯಾದೆ ಬೇಡ್ವಾ?"

ಹಾಲಿಗೆ ಹಾಲೇ ನಕ್ಕಿತು. ನಾನು ತಮಾಷೆ ಮಾಡಿದೆ ಅಂದುಕೊಂಡರು. ಇವರೂ ನಗಬೇಕಾಯಿತು.

ನಾನು ಮಾತ್ರ ಆವತ್ತಿನಿಂದ ಶಾಲು ಬಿಚ್ಚಲಿಲ್ಲ. ಬಿಚ್ಚಿಟ್ಟರೆ ಶೋಕೇಸ್ ಬಾಯಿ ತೆರೆದುಕೊಂಡಿರುತ್ತದೆ, ಗೊತ್ತಲ್ಲ. ಮಾರ್ಚ್ ತಿಂಗಳ ರಣಬಿಸಿಲು. ಒಲೆ ಮುಂದೆ ಹೊದ್ದೆ, ಹಿತ್ತಲಲ್ಲಿ ಹೊದ್ದೆ, ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವಾಗಲೂ ಹೊದ್ದೆ. ಬೆವರು ಧಾರಾಕಾರ ಸುರಿಯುತ್ತಿತ್ತು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ ಗಾಬರಿಯಾದರು.

"ಯಾಕ್ರೀ, ಮನೆಯವರಿಗೆ ಜ್ವರವಾ?"

ಬಾಗಿಲಲ್ಲಿ ಪೇಪರ್ ಓದುತ್ತ ಕೂತಿದ್ದ ನಮ್ಮವರು ಕನ್ನಡಕ ತೆಗೆದು, ಎದೆಯುಬ್ಬಿಸಿ, ತುಂಬು ಪ್ರೀತಿಯಿಂದ ನನ್ನನ್ನು ನೋಡಿ ಹೇಳಿದರು:

"ಜ್ವರ ಇಲ್ಲ, ಏನೂ ಇಲ್ಲ ಕಣ್ರೀ. ಆ ಶಾಲು ನಾನು ಕೊಟ್ಟಿದ್ದು. ಅದಕ್ಕೇ ಬಿಚ್ತಾನೇ ಇಲ್ಲ."