ಎರಡು ನಿಮಿಷ ಪುಕ್ಕಟೆ ಕೇಳುವ ನೀರಿನವರಿಗೆ

ಕಾಲುವೆ ದಂಡೆಯ ನಮ್ಮ ಬಾವಿಯಿಂದ ಹೊರಟು, ಆರಿಂಚಿನ ಪೈಪಿನಲ್ಲಿ ಮೂರು ಕಿಲೋಮೀಟರ್ ಪ್ರವಾಸ ಮಾಡಿ, ಐಗಳಿಯ ನಮ್ಮ ದ್ರಾಕ್ಷಿ ತೋಟಕ್ಕೆ ದಯಮಾಡಿಸುವ ನೀರಿನವರ ಸನ್ನಿಧಾನಕ್ಕೆ.

ಮಾನ್ಯರೇ,

ಮೊನ್ನೆ ಸೋಮವಾರ ಬೆಳಿಗ್ಗೆ ಸರಿಯಾಗಿ ಹತ್ತು ಗಂಟೆಗೆ ತಾವು ನನ್ನ ಪೈಪು ಸೀಳಿ ತೆಂಗಿನ ಮರದೆತ್ತರ ಚಿಮ್ಮಿದ್ದನ್ನು ಊರೇ ಕಂಡಿರುವುದರಿಂದ, ತಮ್ಮ ಆರೋಗ್ಯ ಚೆನ್ನಾಗಿದೆ ಎಂದು ತಿಳಿದು ಸಮಾಧಾನವಾಯಿತು. ಈ ಹಂಗಾಮಿನಲ್ಲಿ ಇದು ತಮ್ಮ ಐದನೆಯ ದರ್ಶನ. ಪ್ರತಿ ದರ್ಶನದ ನಂತರ ನೆಲ ಅಗೆದು, ಪೈಪು ಒಣಗಿಸಿ, ಅಂಟು ಹಚ್ಚಿ ಕೂಡಿಸುವುದಕ್ಕೆ ಮೂರು ದಿನ ಬೇಕು. ಬಳ್ಳಿಗಳು ಹೂವಿಗೆ ಬಂದ ಈ ಹೊತ್ತಿನಲ್ಲಿ ಮೂರು ದಿನ ನೀರಿಲ್ಲದಿದ್ದರೆ ಗೊಂಚಲು ಉದುರುತ್ತವೆ, ಉದುರುತ್ತಲೂ ಇವೆ. ಇನ್ನೊಂದು ಸಲ ತಾವು ಹೀಗೆ ಎದ್ದು ನಿಂತರೆ ಈ ವರ್ಷ ನನ್ನ ತೋಟದಲ್ಲಿ ಕೊಯ್ಯಲು ಉಳಿಯುವುದು ಎಲೆ ಮಾತ್ರ.

ತಮಗೆ ನಮ್ಮ ಮನೆತನದ ಪರಿಚಯವಿರಲಾರದು. ಅಪ್ಪ ಹಾಕಿಸಿದ ಪೈಪು ಒಂದೇ, ಮಕ್ಕಳು ಇಬ್ಬರು: ಅಣ್ಣ ಮುರಗೆಪ್ಪ ಮತ್ತು ಈ ಪತ್ರ ಬರೆಯುತ್ತಿರುವ ಈಶ್ವರ. ಪೈಪು ನನ್ನ ತೋಟದ ಅಡಿಯಲ್ಲಿ ಹಾದು ಇಬ್ಬರ ನಡುವಿನ ಬದುವಿಗೆ ಬರುತ್ತದೆ. ಅಲ್ಲಿ ಎರಡು ವಾಲ್ವುಗಳಿವೆ, ಒಂದು ನನಗೆ, ಒಂದು ಅವನಿಗೆ. ಕರೆಂಟು ಬಂದಾಗಿನಿಂದ ಹತ್ತರವರೆಗೆ ನನ್ನ ಪಾಳಿ, ಆಮೇಲೆ ಅವನದು. ಒಮ್ಮೆ ಕರೆಂಟು ಹೋಗಿ ಕಳೆದುಹೋದ ಇಪ್ಪತ್ತು ನಿಮಿಷ ಯಾರ ಪಾಳಿಯದು ಎಂಬ ಘನವಾದ ಪ್ರಶ್ನೆಯ ಮೇಲೆ ನಾವಿಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷವಾಯಿತು. ಅಂದಿನಿಂದ ನನ್ನ ಹನಿ ಅವನಿಗೆ ಹೋಗಬಾರದು, ಅವನ ಹನಿ ನನಗೆ ಬೇಡ. ಅದಕ್ಕೆಂದೇ ಈ ವರ್ಷ ಚಕ್ರ ತಿರುಗಿಸುವ ಹಳೆಯ ವಾಲ್ವು ಕಿತ್ತುಹಾಕಿ, ಹಿಡಿಕೆಯನ್ನು ಒಂದೇ ಏಟಿಗೆ ಎಳೆದರೆ ಮುಚ್ಚಿಕೊಳ್ಳುವ ಹೊಸದನ್ನು ಕೂಡಿಸಿದೆ. ಹತ್ತು ಹೊಡೆಯಿತೋ, ಎಳೆದೆ. ಅದೇ ಗಳಿಗೆಯಲ್ಲಿ ತಾವು ಸೀಳಿಕೊಂಡು ಎದ್ದಿರಿ.

ಮೊದಲು ಪೈಪಿನ ಮೇಲೆ ಸಂಶಯಪಟ್ಟು ದಪ್ಪನೆಯದನ್ನು ತಂದೆ. ಅದೂ ಸೀಳಿತು. ಕಬ್ಬಿಣದ ತುಂಡು ಹಾಕಿಸಿದೆ. ಅದು ಮಿಸುಕಲಿಲ್ಲ, ಆದರೆ ಅದರ ಪಕ್ಕದ ಜೋಡಣೆಯನ್ನು ತಾವು ಕಿತ್ತೆಸೆದಿರಿ. ತಮ್ಮ ಶಕ್ತಿಗೆ ನಾನು ನಿಜವಾಗಿಯೂ ತಲೆಬಾಗುತ್ತೇನೆ. ನಮ್ಮ ಕಡೆಯ ದೊಡ್ಡ ಮನುಷ್ಯರು ಮುಖದ ಮೇಲೆ ಬಾಗಿಲು ಹಾಕಿದರೆ ನಗುತ್ತ ಇನ್ನೊಂದು ಮನೆಗೆ ಹೋಗುತ್ತಾರೆ. ತಾವೊಬ್ಬರೇ ತಿರುಗಿ ಒದೆಯುವವರು.

ಕೊನೆಗೆ ಅಥಣಿಯಲ್ಲಿ ಪೈಪಿನ ಅಂಗಡಿ ನಡೆಸುವ ಉಜ್ವಲಾ ಎಂಬ ಹೆಣ್ಣುಮಗಳ ಮುಂದೆ ಸೀಳಿದ ತುಂಡು ಇಟ್ಟು ಜಗಳ ತೆಗೆದೆ. ಆಕೆ ಸೀಳನ್ನು ನೋಡಲೇ ಇಲ್ಲ, ಮುಚ್ಚುವುದು ಹೇಗೆ ಎಂದು ಕೇಳಿದಳು. ನಾನು ಹೆಮ್ಮೆಯಿಂದ ಕೈ ಬೀಸಿ ತೋರಿಸಿದೆ.

"ಕಾಕಾ, ಆ ಪೈಪಿನಾಗ ಐವತ್ತು ಟನ್ ನೀರು ಓಡಿ ಬರಾಕತ್ತಿರತೈತ್ರಿ. ಕಬ್ಬು ತುಂಬಿದ ಎರಡು ಟ್ರ್ಯಾಕ್ಟರ್ ತೂಕ. ಒಮ್ಮಿಗೇ ಬಾಗಲಾ ಹಾಕಿದ್ರ ಅದು ಎಲ್ಲಿ ನಿಲ್ಲಬೇಕ್ರಿ?" ಎಂದಳು.

ಪ್ಲಾಸ್ಟಿಕ್ ಪೈಪು ಪ್ರತಿ ಹೊಡೆತಕ್ಕೂ ಒಂದಿಷ್ಟು ಹಿಗ್ಗಿ ತಡೆದುಕೊಳ್ಳುತ್ತದಂತೆ, ದಣಿದ ದಿನ ಸೀಳುತ್ತದಂತೆ. ಕಬ್ಬಿಣ ಹಿಗ್ಗುವುದು ತೀರ ಕಡಿಮೆಯಾದ್ದರಿಂದ ಹೊಡೆತ ಇನ್ನೂ ಜೋರಾಗುತ್ತದಂತೆ. ಇದಕ್ಕಿರುವ ಮದ್ದು ಒಂದೇ: ಹತ್ತಕ್ಕೆ ಎರಡು ನಿಮಿಷ ಇರುವಾಗಲೇ ಅಣ್ಣನ ವಾಲ್ವು ತೆರೆದು, ನನ್ನದನ್ನು ನಿಧಾನವಾಗಿ ಮುಚ್ಚುತ್ತ ಬರಬೇಕು. ಅಂದರೆ ದಿನಾ ನನ್ನ ಪಾಳಿಯ ನೀರನ್ನು ಕೈಯಾರೆ ಅವನಿಗೆ ಬಿಡಬೇಕು. ಇದು ವಿಜ್ಞಾನವೋ, ಅಣ್ಣನ ಕಡೆಯ ವಕೀಲಿಯೋ ಎಂದು ಕೇಳಿದ್ದಕ್ಕೆ ಉಜ್ವಲಾ ಬಿಲ್ಲು ಬರೆಯುತ್ತ ಕುಳಿತಳು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಹತ್ತು ಹೊಡೆದ ಕೂಡಲೇ ತಾವು ಪೈಪಿನುದ್ದಕ್ಕೂ ಇದ್ದಲ್ಲೇ ನಿಂತು, ಉಸಿರು ಬಿಗಿಹಿಡಿದು, ಹಿಂದಿನವರು ಮುಂದಿನವರ ಬೆನ್ನಿಗೆ ಬೀಳದಂತೆ ನೋಡಿಕೊಳ್ಳಬೇಕು. ಅದಾಗದಿದ್ದರೆ ತಮ್ಮ ಭಾರವನ್ನು ಬಾವಿಯ ದಂಡೆಯಲ್ಲೇ ಇಳಿಸಿ, ಬರೀ ತಂಪನ್ನು ಹೊತ್ತು ಬರಬೇಕು. ಅದೂ ಆಗದಿದ್ದರೆ ಬದುವಿನ ಕಲ್ಲು ನೋಡಿ ಯಾರ ಹೊಲ ಯಾವುದೆಂದಾದರೂ ಕಲಿಯಬೇಕು.

ತಾವು ಕಲಿಯುವವರೆಗೆ ಬಳ್ಳಿ ಕಾಯುವುದಿಲ್ಲವಾದ್ದರಿಂದ, ಗುರುವಾರ ಪೈಪು ಸರಿಯಾದ ಮರುದಿನ, ಹತ್ತಕ್ಕೆ ಎರಡು ನಿಮಿಷ ಇರುವಾಗ ಹಲ್ಲು ಕಚ್ಚಿ ಅಣ್ಣನ ವಾಲ್ವಿಗೆ ಕೈ ಹಾಕಿದೆ. ಅವನು ಎಂದಿನಂತೆ ಗಡಿಯಾರ ಹಿಡಿದು ಬದುವಿನಾಚೆ ನಿಂತಿದ್ದ. ಪಾಳಿಯ ವಿಷಯದಲ್ಲಿ ಅವನೂ ನನ್ನಂಥವನೇ, ತನ್ನದಲ್ಲದ್ದು ಅವನಿಗೂ ಬೇಡ. ನನ್ನ ಕೈ ನೋಡಿದ, ಗಡಿಯಾರ ನೋಡಿದ, ತಡೆಯಲಾರದೆ ಬಾಯಿಬಿಟ್ಟ.

"ತಮ್ಮಾ, ಇನ್ನಾ ಎರಡು ನಿಮಿಷ ಐತಿ."

"ಇರ್ಲಿ ಬಿಡಣ್ಣಾ" ಅಂದೆ. ಅವನ ವಾಲ್ವು ತೆರೆದು, ನನ್ನ ವಾಲ್ವಿನ ಹಿಡಿಕೆಯನ್ನು ನಾನು ಎಷ್ಟು ನಿಧಾನವಾಗಿ ತಿರುಗಿಸಿದೆನೆಂದರೆ, ಮುಚ್ಚುವುದಕ್ಕೆ ಎರಡಲ್ಲ, ಐದು ನಿಮಿಷ ಹಿಡಿಯಿತು. ಪೈಪು ಒಡೆಯಲಿಲ್ಲ.

ಇಂತಿ, ಐದು ಸಲ ತಮ್ಮಿಂದ ತೊಯ್ದ ಮೇಲಷ್ಟೇ ಬುದ್ಧಿ ಬಂದ, ತಮ್ಮ ವಿಶ್ವಾಸಿ,
ಈಶ್ವರ, ಐಗಳಿ

ತಾ.ಕ.: ಒಂಬತ್ತು ವರ್ಷ ಊರಿನ ಹಿರಿಯರು ನಮ್ಮ ಕಟ್ಟೆಯ ಮೇಲೆ ಕುಳಿತು, ಚಹಾ ಕುಡಿದು, ಮಾಡಿಸಲಾಗದ ರಾಜಿಯನ್ನು ತಾವು ಒಂದು ಹಂಗಾಮಿನಲ್ಲಿ ಮಾಡಿಸಿದ್ದೀರಿ ಎಂದು ಅಣ್ಣನ ಹೆಂಡತಿ ಕೆಂಚವ್ವ ವೈನಿ ತಮಗೆ ಕಾಯಿ ಒಡೆಸುವವರಿದ್ದಾರೆ. ನನ್ನಿಂದ ಮಾತ್ರ ಧನ್ಯವಾದ ನಿರೀಕ್ಷಿಸಬೇಡಿ. ಒಡೆದ ಪೈಪು ಐದೂ ನನ್ನವು.