ಟಗರು, ಬೀಗರು ಮತ್ತು ನಾನು ಕತ್ತರಿಸಿದ ಚಿತ್ರ

ಬೀಗರನ್ನು ಗೋಳುಹೊಯ್ದುಕೊಳ್ಳದಿದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಎಪ್ಪತ್ತು ದಾಟಿದರೂ ಬುದ್ಧಿ ಬಂದಿಲ್ಲ ಎಂದು ನನ್ನಾಕೆ ಹೇಳುತ್ತಾಳೆ. ಹೇಳಲಿ. ಹಿರಿಯೂರಿನಲ್ಲಿ ನನ್ನಷ್ಟು ಸೊಗಸಾಗಿ ಸುಳ್ಳು ಪತ್ರ ಬರೆಯುವವರು ಇನ್ನೊಬ್ಬರಿಲ್ಲ, ಮೊನ್ನೆಯವರೆಗೆ ಒಮ್ಮೆಯೂ ಸಿಕ್ಕಿಬಿದ್ದವನಲ್ಲ.

ಆದಿವಾಲದ ನನ್ನ ಬೀಗರು, ಅಂದರೆ ಮಗಳು ಸುಧಾಳ ಮಾವ, ಒಂದು ಟಗರು ಸಾಕಿದ್ದಾರೆ. ಕಳೆದ ತಿಂಗಳು ಅವರ ಮನೆಗೆ ಹೋದಾಗ, ಯಾರೂ ಇಲ್ಲದ ಹೊತ್ತು ನೋಡಿ ಅದು ನನ್ನನ್ನು ಹಿಂದಿನಿಂದ ಗುದ್ದಿತು. ಬೀಗರು ಬಂದಾಗ ಮಾತ್ರ, "ಕೊಂಬು ಹಿಡ್ಕಂಡು ನಿಲ್ಲಿಸ್ದೆ ನೋಡ್ರಿ, ಕುರಿಮರಿ ಆಗೋಯ್ತು" ಎಂದು ಕೊಚ್ಚಿಕೊಂಡೆ. ಅವರು ಬೀದಿಗೆಲ್ಲ ಸಾರಿದರು. ಇದು ಸುಳ್ಳೆಂದು ಗೊತ್ತಾದರೆ ನಾನು ಸಾಯುವತನಕ ಅವರ ಬಾಯಿಗೆ ಎಲೆಯಡಿಕೆಯೇ ಸರಿ.

ಅಷ್ಟಕ್ಕೆ ಸುಮ್ಮನಿರಬಾರದೆ? ಕಂಪ್ಯೂಟರಿನಲ್ಲಿ, 'ನಿಮ್ಮ ಟಗರು ಬಬ್ಬೂರಿನ ಸುಂದರ ಟಗರು ಸ್ಪರ್ಧೆಗೆ ಆಯ್ಕೆಯಾಗಿದೆ, ಮೈ ತೊಳೆದು ಹಾರ ಹಾಕಿ ಕರೆತನ್ನಿ' ಎಂದು ಬರೆದು ಸ್ಕ್ರೀನ್‌ಶಾಟ್ ತೆಗೆದೆ. ಪರದೆಯ ಮೇಲೆ ಪಕ್ಕದಲ್ಲೇ ಡಾಕ್ಟರಿಗೆ ಬರೆಯುತ್ತಿದ್ದ ಕಾಗದವೂ ತೆರೆದಿತ್ತು, ಚಿತ್ರದಲ್ಲಿ ಅದೂ ಬಂದುಬಿಟ್ಟಿತು: 'ಟಗರು ಗುದ್ದಿದ ಜಾಗ ಊರಿ ಕೂರಲಾಗುತ್ತಿಲ್ಲ. ಬೀಗರಿಗೆ ತಿಳಿಯಬಾರದು.' ಆ ಭಾಗವನ್ನು ನೀಟಾಗಿ ಕತ್ತರಿಸಿ, ಸೇವ್ ಮಾಡಿ, ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿ, ಸುಳ್ಳು ಹೆಸರಿನ ಇಮೇಲಿನಿಂದ ಬೀಗರಿಗೆ ಕಳಿಸಿದೆ.

ಮರುದಿನ ತಮಾಷೆ ನೋಡಲು ಹೋದೆ. ಟಗರು ಮಿಂದು, ಹಾರ ಹಾಕಿಸಿಕೊಂಡು, ಮದುಮಗನಂತೆ ನಿಂತಿತ್ತು. ನಾನು ನಗು ನುಂಗುತ್ತಿರುವಾಗಲೇ ಬೀಗರು ಕುರ್ಚಿ ತಂದರು.

"ಬರ್ರಿ ಬೀಗ್ರೆ, ಕುಂತ್ಕಳ್ರಿ. ಎರಡು ದಿಂಬು ಹಾಕೀನಿ. ನೋವು ಇನ್ನೂ ಐತಾ?"

ನಾನು ಸುಧಾಳ ಮುಖ ನೋಡಿದೆ. ಅವಳು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು.

"ಯಾವನೋ ಕಳ್ಳ ಕಳ್ಸವ್ನೆ ಅಂತ ಫೈಲ್ ಬಿಚ್ಚಿ ನೋಡ್ದೆ ಅಪ್ಪಾಜಿ. ನಿನ್ನ ಸ್ಕ್ರೀನ್‌ಶಾಟ್ ಸಾಫ್ಟ್‌ವೇರಲ್ಲಿ ಒಂದು ದೋಷ ಐತೆ. ಕತ್ತರಿಸಿದ್ದು ಕಣ್ಣಿಗೆ ಕಾಣಲ್ಲ ಅಷ್ಟೆ, ಫೈಲ್ ಒಳಗೆ ಹಂಗೇ ಉಳ್ಕಂಡಿರುತ್ತೆ."

"ಕತ್ತರಿಸಿದ್ಮೇಲೆ ಹೆಂಗಮ್ಮ ಉಳಿಯುತ್ತೆ?"

"ಉಳ್ಕಂಡೈತಲ್ಲ!"

ನನ್ನ ತಲೆಗೆ ಹೋಗಲಿಲ್ಲ. ಕತ್ತರಿಸಿದ ಉಣ್ಣೆ ಕುರಿಯ ಮೈಮೇಲೇ ಇರುತ್ತದೆಯೆ? ಕತ್ತರಿಸಿದ್ದು ಹೋಗಿಲ್ಲವೆಂದರೆ ನಾನು ಕತ್ತರಿಸಿದ್ದಾದರೂ ಏನನ್ನು? ನನ್ನ ಕೈಲಿದ್ದುದು ಕತ್ತರಿಯೋ, ಮುಸುಕೋ?

ಅಷ್ಟರಲ್ಲಿ ಅಕ್ಕಪಕ್ಕದವರೆಲ್ಲ ಜಗಲಿಗೆ ಬಂದು ನಿಂತಿದ್ದರು. "ಏಳ್ರಿ ಬೀಗ್ರೆ, ಸ್ಪರ್ಧೆಗೆ ಹೋಗಾಣ," ಎಂದರು ಬೀಗರು, "ಕೊಂಬು ಹಿಡ್ಕಂಡು ನೀವೇ ನಡೆಸ್ಕಂಡು ಬರ್ರಿ."

ಮೀಸೆ ತಿರುವಿ ಎದ್ದೆ. ಟಗರು ನನ್ನ ಗುರುತು ಹಿಡಿದು, ತಲೆ ಬಗ್ಗಿಸಿ, ಎರಡು ಹೆಜ್ಜೆ ಹಿಂದಕ್ಕೆ ಹೋಯಿತು.

ನಾನು ಮೆಲ್ಲಗೆ ಕುಳಿತುಕೊಂಡೆ. "ಬೀಗ್ರೆ, ಇನ್ನೊಂದು ದಿಂಬು ಐತಾ?"